ಐರ್ಲೆಂಡಿನ ಶಾಲೆಗಳಲ್ಲಿ ಐರಿಷ್ ಕಡ್ಡಾಯ ಬೇಕೇ?

ಐರಿಷ್ ಸೆಲ್ಟಿಕ್ ಕವಲಿನ ಭಾಷೆ. ಐರ್ಲೆಂಡಿನಲ್ಲಿ ಮಗು ಶಾಲೆಗೆ ಸೇರಿದ ದಿನದಿಂದ ಕೊನೆಯ ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆಯವರೆಗೆ ಅದನ್ನು ಕಲಿಯಬೇಕು. ಇದು ಹೀಗೇ ಮುಂದುವರಿಯಬೇಕೇ? ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ಇಬ್ಬರು ಕನ್ನಡಿಗರಿಗೆ ಒಂದೊಂದು ಪಕ್ಷ ಕೊಟ್ಟು ಬರೆಯಿರಿ ಎಂದು ಕೇಳಿದೆವು.

ಪರ: ಶಾಲೆ ಕಿತ್ತುಕೊಂಡದ್ದನ್ನು ಶಾಲೆಯೇ ಕೊಡಲಿ

ಡಬ್ಲಿನ್ನಿಗೆ ಬಂದ ಮೊದಲ ವಾರ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಬಂದ ಬಸ್ಸಿನ ಹಣೆಯ ಮೇಲೆ ‘ಆನ್ ಲಾರ್’ ಅಂತ ಇತ್ತು. ಯಾವುದೋ ಬಡಾವಣೆ ಇರಬೇಕು ಅಂದುಕೊಂಡು ಎರಡು ಬಸ್ ಬಿಟ್ಟೆ. ಮೂರನೆಯದು ಬಂದಾಗ ಡ್ರೈವರನ್ನೇ ಕೇಳಿದೆ. ಆನ್ ಲಾರ್ ಅಂದರೆ ಊರ ನಡು. ನಾನು ಹೋಗಬೇಕಾಗಿದ್ದದ್ದೇ ಅಲ್ಲಿಗೆ.

ಆಮೇಲೆ ಕಣ್ಣು ತೆರೆಯಿತು. ಪ್ರತಿ ರಸ್ತೆಯ ಬೋರ್ಡಿನಲ್ಲೂ ಮೇಲಿನ ಸಾಲು ಐರಿಷ್. ಡಬ್ಲಿನ್ನಿಗೇ ಅವರ ಹೆಸರು ಬೇರೆ: ಬಾಲ್ಯ ಆಹ ಕ್ಲೀಯ. ಬಿದಿರಿನ ತಡಿಕೆಯ ಹಾಗೆ ಕಡ್ಡಿ ಹೆಣೆದು ಹಾಸಿದ್ದ ಹೊಳೆ ದಾಟುವ ಜಾಗದ ಊರು ಅಂತ ಅರ್ಥ. ಬೋರ್ಡಿನಲ್ಲಿ ಇಷ್ಟು ಚೆಂದದ ಹೆಸರು. ಆದರೆ ಇಡೀ ವಾರ ಕಿವಿಗೆ ಒಂದು ಐರಿಷ್ ಮಾತು ಬೀಳಲಿಲ್ಲ. ಇದು ಹೇಗೆ ಆಯಿತು ಅಂತ ಹುಡುಕುತ್ತಾ ಹೋದೆ. ಈ ಹನ್ನೆರಡು ವರ್ಷಗಳಲ್ಲಿ ಓದಿದ್ದೆಲ್ಲ ನನ್ನನ್ನು ಒಂದೇ ಕಡೆಗೆ ತಂದು ನಿಲ್ಲಿಸಿದೆ. ಐರಿಷನ್ನು ಕಿತ್ತುಕೊಂಡದ್ದರಲ್ಲಿ ಶಾಲೆಯ ಕೈ ದೊಡ್ಡದು. ವಾಪಸ್ ಕೊಡಬೇಕಾದ್ದೂ ಶಾಲೆಯೇ. ಮಕ್ಕಳಿಗೆ ಇಷ್ಟವಿದ್ದರೆ ತೆಗೆದುಕೊಳ್ಳಲಿ ಅಂತ ಬಿಟ್ಟರೆ ವಾಪಸ್ ಕೊಟ್ಟ ಹಾಗೆ ಆಗುವುದಿಲ್ಲ.

ಐರಿಷ್ ಒಂದು ಮೂಲೆಯ ಭಾಷೆ ಅಂದುಕೊಂಡವರು ಅದರ ಮನೆತನವನ್ನು ಒಮ್ಮೆ ನೋಡಬೇಕು. ಸಂಸ್ಕೃತ, ಲ್ಯಾಟಿನ್, ಗ್ರೀಕ್ ಯಾವ ದೊಡ್ಡ ಮರಕ್ಕೆ ಸೇರಿವೆಯೋ ಸೆಲ್ಟಿಕ್ ಕೂಡ ಅದೇ ಮರದ ಕೊಂಬೆ. ಉತ್ತರ ಇಟಲಿಯ ಸರೋವರಗಳ ಹತ್ತಿರ ಕ್ರಿ.ಪೂ. 6ನೇ ಶತಮಾನದಷ್ಟು ಹಳೆಯ ಸೆಲ್ಟಿಕ್ ಬರಹ ಸಿಕ್ಕಿದೆ. ಅದನ್ನು ಲೆಪಾಂಟಿಕ್ ಎನ್ನುತ್ತಾರೆ. ಸ್ಪೇನಿನಲ್ಲಿ ಸೆಲ್ಟಿಬೇರಿಯನ್ ಇತ್ತು. ಇಂದಿನ ಫ್ರಾನ್ಸಿನಲ್ಲಿ ಗಾಲಿಷ್ ಇತ್ತು. ಕ್ರಿ.ಪೂ. 278ರಲ್ಲಿ ಒಂದು ಗುಂಪು ಏಷ್ಯಾ ಮೈನರಿಗೆ ದಾಟಿ ಈಗಿನ ಟರ್ಕಿಯ ಅಂಕಾರಾ ಸುತ್ತ ನೆಲೆಸಿತು. ಅವರೇ ಗಲೇಷಿಯನ್ನರು. ಕ್ರಿ.ಶ. 4ನೇ ಶತಮಾನದ ಕೊನೆಯಲ್ಲೂ ಸಂತ ಜೆರೋಮ್ ಬರೆದಿದ್ದಾನೆ: ಇವರ ಮಾತು ಜರ್ಮನಿಯ ಟ್ರಿಯರ್ ಕಡೆಯವರ ಮಾತಿಗೆ ಹೋಲುತ್ತದೆ ಅಂತ. ಪ್ಯಾರಿಸ್ ಎಂಬ ಹೆಸರು ಪಾರಿಸಿ ಎಂಬ ಸೆಲ್ಟಿಕ್ ಬುಡಕಟ್ಟಿನದು. ಮಿಲಾನಿನ ಹಳೆಯ ಹೆಸರು ಮೆಡಿಯೊಲಾನಮ್ ಕೂಡ ಸೆಲ್ಟಿಕ್.

ಅಂಕಾರಾದಿಂದ ಅಟ್ಲಾಂಟಿಕ್ ತನಕ ಇದ್ದ ಮಾತು ಈಗ ಎಲ್ಲಿದೆ? ಸಮುದ್ರದ ಅಂಚಿನಲ್ಲಿ. ಒಂದು ಕಡೆ ಐರಿಷ್, ಸ್ಕಾಟಿಷ್ ಗೇಲಿಕ್, ಮ್ಯಾಂಕ್ಸ್. ಇನ್ನೊಂದು ಕಡೆ ವೆಲ್ಷ್, ಕಾರ್ನಿಷ್, ಬ್ರೆಟನ್. ಇಷ್ಟೇ.

ಯುರೋಪಿನ ಒಳನಾಡಿನಲ್ಲಿ ಅದು ಹೇಗೆ ಅಳಿಯಿತು? ರೋಮಿನ ಸೇನಾಪತಿ ಸೀಸರ್ ಕ್ರಿ.ಪೂ. 52ರಲ್ಲಿ ಗಾಲ್ ನಾಡಿನ, ಅಂದರೆ ಇಂದಿನ ಫ್ರಾನ್ಸಿನ, ಅಲೇಸಿಯಾದಲ್ಲಿ ಗೆದ್ದ ಮಾತ್ರಕ್ಕೆ ಮರುದಿನ ಯಾರೂ ಗಾಲಿಷ್ ಬಿಡಲಿಲ್ಲ. ಹಳ್ಳಿಗಳಲ್ಲಿ ಇನ್ನೂ ಎಷ್ಟೋ ತಲೆಮಾರು ಆಡುತ್ತಿದ್ದರು. ಮೊದಲು ಕೈಬಿಟ್ಟವರು ದೊಡ್ಡ ಮನೆಯವರು. ಕ್ರಿ.ಶ. 21ರ ಹೊತ್ತಿಗೆ ಗಾಲ್ ನಾಡಿನ ಗಣ್ಯರ ಮಕ್ಕಳು ಒತಾ ಎಂಬ ಊರಿನಲ್ಲಿ ರೋಮನ್ ವಿದ್ಯೆ ಕಲಿಯುತ್ತಿದ್ದರು ಎಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಕಚೇರಿಯ ಕೆಲಸ ಲ್ಯಾಟಿನ್ನಿನಲ್ಲಿ, ಸೈನ್ಯದ ಕೆಲಸ ಲ್ಯಾಟಿನ್ನಿನಲ್ಲಿ, ಶಾಲೆಯೂ ಲ್ಯಾಟಿನ್ನಿನಲ್ಲಿ. ಹಾಗಿದ್ದಾಗ ಮನೆಮಾತು ಹಿತ್ತಿಲಿಗೆ ಹೋಗುತ್ತದೆ. ಆಮೇಲೆ ಹಿತ್ತಿಲಿನಿಂದಲೂ ಹೋಗುತ್ತದೆ.

ಐರ್ಲೆಂಡಿನಲ್ಲಿ ಆದದ್ದೂ ಇದೇ, ಹದಿನೆಂಟು ನೂರು ವರ್ಷ ತಡವಾಗಿ. 1831ರಲ್ಲಿ ಬ್ರಿಟಿಷ್ ಆಡಳಿತ ರಾಷ್ಟ್ರೀಯ ಶಾಲೆಗಳನ್ನು ತೆರೆಯಿತು. ಪಾಠ ಇಂಗ್ಲಿಷಿನಲ್ಲಿ. ಮನೆಯಲ್ಲಿ ಐರಿಷ್ ಬಿಟ್ಟು ಬೇರೇನೂ ಕೇಳದ ಮಕ್ಕಳೂ ಅಲ್ಲಿ ಕೂತರು. ಮಕ್ಕಳ ಕುತ್ತಿಗೆಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಷಿನಲ್ಲಿ ಒಂದು ಮಾತಾಡಿದರೆ ಕೋಲಿನ ಮೇಲೆ ಒಂದು ಗೀರು. ಸಂಜೆ ಗೀರು ಎಣಿಸಿ ಅಷ್ಟು ಏಟು. ವೇಲ್ಸಿನಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ‘ವೆಲ್ಷ್ ನಾಟ್’ ಎಂಬ ಮರದ ತುಂಡು. ಫ್ರಾನ್ಸಿನ ಬ್ರಿಟನಿ ಸೀಮೆಯಲ್ಲೂ ಬ್ರೆಟನ್ ಆಡಿದ ಮಗುವಿಗೆ ಹೀಗೇ ಒಂದು ಗುರುತು ಕೊಡುತ್ತಿದ್ದರು. ಸ್ಕಾಟ್ಲೆಂಡಿನ 1872ರ ಶಿಕ್ಷಣ ಕಾಯ್ದೆಯಲ್ಲಿ ಗೇಲಿಕ್‌ಗೆ ಜಾಗವೇ ಇಲ್ಲ. ನಾಲ್ಕು ನಾಡು, ನಾಲ್ಕು ಭಾಷೆ, ದಾರಿ ಒಂದೇ. ಶಾಲೆ.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ. ನನ್ನ ನಂಬಿಕೆ ಗಟ್ಟಿಯಾದದ್ದು ಅಡುಗೆ ಮನೆಯಲ್ಲಿ.

ಮಗ ನಾಲ್ಕು ವರ್ಷದವನಿದ್ದಾಗ ನಾವು ಇಲ್ಲಿಗೆ ಬಂದೆವು. ಮೂರನೇ ಕ್ಲಾಸಿನಲ್ಲಿ ಒಂದು ಸಂಜೆ ಹೋಂವರ್ಕ್ ಹಿಡಿದು ಬಂದ. ಮುಖ ಸಪ್ಪಗಿತ್ತು. ‘ಅಮ್ಮಾ, ಕತ್ ಅಂದ್ರೆ ಬೆಕ್ಕು. ನಮ್ಮ ಬೆಕ್ಕು ಅನ್ನೋವಾಗ ಆರ್ ಗತ್ ಅಂತೆ. ಕ ಎಲ್ಲಿ ಹೋಯ್ತು?’ ಪುಸ್ತಕ ನೋಡಿದೆ. ಪೋಕಾ ಅಂದರೆ ಜೇಬು, ನಮ್ಮ ಜೇಬು ಆರ್ ಬೋಕಾ. ತಾರವ್ ಅಂದರೆ ಗೂಳಿ, ನಮ್ಮ ಗೂಳಿ ಆರ್ ದಾರವ್. ಕ, ತ, ಪ ಹೋಗಿ ಗ, ದ, ಬ ಬಂದಿವೆ. ಸಾರು ಕಲಕುತ್ತಿದ್ದ ಕೈ ನಿಂತೇ ಹೋಯಿತು. ಇದು ಆದೇಶ ಸಂಧಿ ಅಲ್ವಾ! ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದನ್ನೆಲ್ಲ ಅವನಿಗೆ ಒಪ್ಪಿಸಿದೆ.

ಎರಡು ಭಾಷೆಗೆ ನೆಂಟಸ್ತಿಕೆ ಇಲ್ಲ, ಅದು ನನಗೆ ಗೊತ್ತು. ಮನುಷ್ಯರ ಬಾಯಿ ಎಲ್ಲ ಕಡೆ ಒಂದೇ, ಅಷ್ಟೆ. ‘ಆರ್’ ಎಂಬ ಪದದ ಕೊನೆಯಲ್ಲಿ ಬಹಳ ಹಿಂದೆ ಒಂದು ಮೂಗಿನ ದನಿ ಇತ್ತು. ಆ ದನಿ ಹೋಯಿತು, ಮುಂದಿನ ಅಕ್ಷರದ ಮೇಲೆ ತನ್ನ ಗುರುತು ಬಿಟ್ಟು ಹೋಯಿತು. ನಮ್ಮ ಕಣ್ ಪನಿಯನ್ನು ಬನಿ ಮಾಡಿದ ಹಾಗೆ. ಐರಿಷಿನಲ್ಲಿ ಬರೆಯುವಾಗ ಹಳೆಯ ಅಕ್ಷರವನ್ನು ಅಳಿಸುವುದಿಲ್ಲ. ಹೊಸದನ್ನು ಅದರ ಮುಂದೆ ಕೂರಿಸುತ್ತಾರೆ. ಗ ಬರೆದು, ಪಕ್ಕದಲ್ಲಿ ಕ ಬರೆದು, ಓದುವಾಗ ಗ ಮಾತ್ರ. ಮಗನಿಗೆ ಇದು ಬಹಳ ಇಷ್ಟವಾಯಿತು. ‘ಕ ಪಾಪ ಸುಮ್ನೆ ಕೂತಿದೆ’ ಅಂದ.

ಅಲ್ಲಿಂದ ಮುಂದೆ ನಾವಿಬ್ಬರೂ ಜೊತೆಗೇ ಕಲಿತೆವು. ಐರಿಷಿನಲ್ಲಿ ‘ನಾನು ಪುಸ್ತಕ ಹೊಂದಿದ್ದೇನೆ’ ಅನ್ನುವ ರೀತಿ ಇಲ್ಲ. ‘ತಾ ಲೌರ್ ಅಗಮ್’, ಪುಸ್ತಕ ನನ್ನ ಹತ್ರ ಇದೆ. ಹಸಿವು ನಾನು ಮಾಡುವ ಕೆಲಸವಲ್ಲ, ನನ್ನ ಮೇಲೆ ಬರುವಂಥದ್ದು: ‘ತಾ ಓಕ್ರಸ್ ಉರಮ್’. ಹೌದು, ಇಲ್ಲ ಎಂಬ ಒಂಟಿ ಪದಗಳೂ ಇಲ್ಲ. ಬಂದೆಯಾ ಅಂದರೆ ಬಂದೆ, ತಿಂದೆಯಾ ಅಂದರೆ ತಿಂದೆ. ಇಂಗ್ಲಿಷಿನಲ್ಲಿ ನನ್ನ ಮಗನಿಗೆ ಅಮ್ಮನ ಮಾತಿನ ಜಾಡು ಕಾಣುವುದಿಲ್ಲ. ಈ ಮಾತಿನಲ್ಲಿ ಕಂಡಿತು. ಅವನ ಕನ್ನಡ ಸುಧಾರಿಸಿದ್ದು ಐರಿಷ್ ಕ್ಲಾಸಿನಿಂದ ಅಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ.

ಈಗ ಮುಖ್ಯ ಮಾತು. ಐರಿಷ್ ಐಚ್ಛಿಕ ಆಗಿದ್ದಿದ್ದರೆ ಮೊದಲ ದಿನವೇ ನಾನು ಬೇಡ ಅನ್ನುತ್ತಿದ್ದೆ. ಆ ಹೊತ್ತಿನಲ್ಲಿ ಇನ್ನೊಂದಿಷ್ಟು ಗಣಿತ ಮಾಡಲಿ ಅನ್ನುತ್ತಿದ್ದೆ. ನನ್ನ ಪರಿಚಯದ ಮುಕ್ಕಾಲು ಪಾಲು ತಂದೆತಾಯಿ ಅದನ್ನೇ ಮಾಡುತ್ತಿದ್ದರು. ಇಲ್ಲೇ ಹುಟ್ಟಿದವರೂ ಕೂಡ. ಎಲ್ಲರಿಗೂ ಭಾಷೆ ಉಳಿಯಬೇಕು, ಆದರೆ ಬೇರೆಯವರ ಮಕ್ಕಳು ಉಳಿಸಬೇಕು. ಐಚ್ಛಿಕ ಮಾಡುವುದು ಅಂದರೆ ಬಡವನ ಮನೆಯ ಬಾಗಿಲಿಗೆ ಬೀಗ ಹಾಕಿ, ಬೇಕಾದವರು ಒಳಗೆ ಹೋಗಿ ಅಂದ ಹಾಗೆ.

ನಮ್ಮ ಪಕ್ಕದ ಮನೆಯ ಅಜ್ಜನಿಗೆ ಎಪ್ಪತ್ತು ದಾಟಿದೆ. ಮೇಯೊ ಕಡೆಯವರು. ಅವರ ಕಾಲದಲ್ಲಿ ಐರಿಷಿನಲ್ಲಿ ಫೇಲಾದರೆ ಇಡೀ ಲೀವಿಂಗ್ ಸರ್ಟಿಫಿಕೇಟೇ ಸಿಗುತ್ತಿರಲಿಲ್ಲ. ಆ ನಿಯಮ ತೆಗೆದದ್ದು 1973ರಲ್ಲಿ. ಅವರ ಅಣ್ಣ ಹಾಗೆ ಫೇಲಾಗಿ ಲಂಡನ್ನಿಗೆ ಗಾರೆ ಕೆಲಸಕ್ಕೆ ಹೋದರಂತೆ. ಇವರಿಗೂ ಶಾಲೆಯಲ್ಲಿ ಬೆತ್ತದ ರುಚಿ ಚೆನ್ನಾಗಿ ಗೊತ್ತು. ‘ನನಗೆ ಆ ಭಾಷೆ ಅಂದರೆ ಆಗುತ್ತಿರಲಿಲ್ಲ’ ಅಂತ ನೇರವಾಗಿ ಹೇಳಿದ್ದಾರೆ. ಒಂದು ದಿನ ಮಗ ಹಿತ್ತಿಲಿನಲ್ಲಿ ಜೋರಾಗಿ ಪಾಠ ಓದುತ್ತಿದ್ದ. ಬೇಲಿಯ ಆಚೆಯಿಂದ ಅಜ್ಜ ಅವನ ಉಚ್ಚಾರ ತಿದ್ದಿದರು. ಇವನು ಇನ್ನೊಂದು ಸಾಲು ಓದಿದ. ಅವರು ಮುಂದಿನ ಸಾಲು ನೋಡದೆಯೇ ಹೇಳಿದರು. ಅರವತ್ತು ವರ್ಷ ಆಡದೆ ಇದ್ದ ಮಾತು! ಆಮೇಲೆ ಪ್ರತಿ ಗುರುವಾರ ಸಂಜೆ ನಮ್ಮ ಅಡುಗೆ ಮನೆಯ ಮೇಜಿಗೆ ಬಂದು ಕೂರುತ್ತಿದ್ದರು. ಅವಲಕ್ಕಿ ಒಗ್ಗರಣೆ ಅವರಿಗೆ ಇಷ್ಟ. ಅವರ ಅಜ್ಜಿ ಜಪಮಣಿ ಹಿಡಿದು ಐರಿಷಿನಲ್ಲಿ ಪ್ರಾರ್ಥನೆ ಹೇಳುತ್ತಿದ್ದರಂತೆ. ಅದನ್ನು ಅವರು ನನ್ನ ಮಗನಿಗೆ ಪೂರ್ತಿ ಹೇಳಿಕೊಟ್ಟರು. ಬೆತ್ತ ತಪ್ಪು. ಫೇಲ್ ಮಾಡಿದ್ದು ತಪ್ಪು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಶಾಲೆ ಕಲಿಸದೆ ಇದ್ದಿದ್ದರೆ ಆ ಬಾಯಲ್ಲಿ ಏನು ಉಳಿದಿರುತ್ತಿತ್ತು?

ದಿನಾ ಮಾತಾಡುವವರು ಎಷ್ಟು ಅಂತ ಅಂಕಿ ಎಣಿಸುವವರು ಇದ್ದಾರೆ. ಎಣಿಸಲಿ. ಗಣಿತ ಕಲಿತವರಲ್ಲಿ ಎಷ್ಟು ಜನ ದಿನಾ ಬೀಜಗಣಿತ ಮಾಡುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಐರಿಷನ್ನು ಮಾತ್ರ ತಕ್ಕಡಿಗೆ ಹಾಕುತ್ತಾರೆ.

ವೇಲ್ಸ್ ನೋಡಿ. 1536ರ ಕಾಯ್ದೆ ಅಲ್ಲಿನ ಕೋರ್ಟುಗಳಿಗೆ ಇಂಗ್ಲಿಷನ್ನೇ ಹೇರಿತು. ಆದರೆ 1588ರಲ್ಲಿ ವಿಲಿಯಂ ಮಾರ್ಗನ್ ಇಡೀ ಬೈಬಲನ್ನು ವೆಲ್ಷ್‌ಗೆ ತಂದದ್ದರಿಂದ ಚರ್ಚಿನಲ್ಲಿ ಭಾಷೆ ಉಸಿರಾಡಿತು. 1962ರಿಂದ ಯುವಕರು ಬೀದಿಗೆ ಇಳಿದರು. 1982ರಲ್ಲಿ ಸ್ವಂತ ಟಿವಿ ಚಾನೆಲ್ ಬಂತು. 1999ರಿಂದ 16 ವರ್ಷದವರೆಗೆ ಎಲ್ಲ ಮಕ್ಕಳೂ ವೆಲ್ಷ್ ಕಲಿಯಬೇಕು. 2021ರ ಜನಗಣತಿಯಲ್ಲಿ ಸುಮಾರು 5.38 ಲಕ್ಷ ಜನ ವೆಲ್ಷ್ ಬರುತ್ತದೆ ಅಂದಿದ್ದಾರೆ. ಇನ್ನು ಬ್ರಿಟನಿ ನೋಡಿ. ಫ್ರೆಂಚ್ ಸರ್ಕಾರ ಬ್ರೆಟನ್ ಅನ್ನು ಯಾವತ್ತೂ ಎಲ್ಲ ಮಕ್ಕಳ ಪಾಠ ಮಾಡಲಿಲ್ಲ. ತಂದೆತಾಯಿಗಳು ಸೇರಿ 1977ರಲ್ಲಿ ದಿವಾನ್ ಶಾಲೆ ಶುರು ಮಾಡಿದರು, ಅವರ ಶ್ರಮ ದೊಡ್ಡದು. ಆದರೂ ಕಳೆದ ಶತಮಾನದ ಆರಂಭದಲ್ಲಿ ಹತ್ತು ಲಕ್ಷ ದಾಟಿದ್ದ ಬ್ರೆಟನ್ ಮಾತುಗಾರರು ಈಗ ಸುಮಾರು ಒಂದು ಲಕ್ಷ. ಅದರಲ್ಲಿ ವಯಸ್ಸಾದವರೇ ಜಾಸ್ತಿ. ಇಷ್ಟವಿದ್ದವರು ಕಲಿಯಲಿ ಅಂತ ಬಿಟ್ಟಾಗ ಆಗುವುದು ಇದು.

ಪಾಠದ ರೀತಿ ಬದಲಾಗಲಿ. ಲೀವಿಂಗ್ ಸರ್ಟಿಫಿಕೇಟಿನಲ್ಲಿ ಮಾತಾಡುವ ಪರೀಕ್ಷೆಗೆ ಈಗ ನೂರಕ್ಕೆ 40 ಅಂಕ ಇದೆ, ಇನ್ನೂ ಜಾಸ್ತಿ ಮಾಡಲಿ. ಕವಿತೆಯ ವಿಮರ್ಶೆ ಬಾಯಿಪಾಠ ಮಾಡಿಸುವುದು ನಿಲ್ಲಲಿ. ಆದರೆ ಕ್ಲಾಸು ಎಲ್ಲರಿಗೂ ಇರಲಿ. ನನ್ನ ಮಗನಿಗೂ, ನಾಳೆ ಬೆಂಗಳೂರಿನಿಂದ ಬಂದು ಇಳಿಯುವ ಮಗುವಿಗೂ.

ವಿರೋಧ: ಮನೆ ಬಿಟ್ಟು ಹೋದದ್ದು ಪರೀಕ್ಷೆಯಿಂದ ಬರುವುದಿಲ್ಲ

ಈ ಪಕ್ಷ ನಾನು ಕೇಳಿ ಪಡೆದದ್ದಲ್ಲ. ಕೊಟ್ಟರು, ಒಪ್ಪಿಕೊಂಡೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಚಿಕ್ಕ ಮಕ್ಕಳಿಗೆ ಪ್ರಾಥಮಿಕ ಶಾಲೆಯಲ್ಲಿ ಐರಿಷ್ ಇರಲಿ ಅಂತಲೇ ನನ್ನ ಅಭಿಪ್ರಾಯ. ಹಾಡು, ಆಟ, ಕಥೆಗಳ ಜೊತೆ ಕಲಿಯುವ ವಯಸ್ಸು ಅದು. ನನ್ನ ತಕರಾರು ಹದಿನೈದು ದಾಟಿದ ಮೇಲೂ ಬಿಡದೆ ಇರುವ ಕಡ್ಡಾಯದ ಬಗ್ಗೆ.

ಎದುರು ಪಕ್ಷದವರು ಅಂಕಿ ಬೇಡ ಅನ್ನಬಹುದು. ನನಗೆ ಬೇಕು. 1922ರಲ್ಲಿ ದೇಶ ಸ್ವತಂತ್ರವಾಯಿತು. ಆಗಿನಿಂದ ಶಾಲೆಗಳಲ್ಲಿ ಐರಿಷ್ ಇದೆ. 1937ರ ಸಂವಿಧಾನದಲ್ಲಿ ಅದು ಮೊದಲ ಅಧಿಕೃತ ಭಾಷೆ. ನೂರು ವರ್ಷದ ನಂತರ, 2022ರ ಜನಗಣತಿಯಲ್ಲಿ, ಸುಮಾರು 18.7 ಲಕ್ಷ ಜನ ನಮಗೆ ಐರಿಷ್ ಬರುತ್ತದೆ ಅಂದರು. ಶಾಲೆಯ ಹೊರಗೆ ಅದನ್ನು ದಿನಾ ಮಾತಾಡುತ್ತೇವೆ ಅಂದವರು ಸುಮಾರು 72 ಸಾವಿರ. ಒಂದು ಮಗುವಿಗೆ ಹದಿಮೂರು ಹದಿನಾಲ್ಕು ವರ್ಷ ಪಾಠ ಹೇಳಿ, ಕೊನೆಗೆ ಅದರ ಬಾಯಲ್ಲಿ ಉಳಿಯುವುದು ‘ಟಾಯ್ಲೆಟ್ಟಿಗೆ ಹೋಗಿ ಬರಲಾ ಟೀಚರ್’ ಎಂಬ ಒಂದು ವಾಕ್ಯ. ಇಲ್ಲಿ ಯಾರನ್ನು ಕೇಳಿದರೂ ಅದನ್ನು ತಪ್ಪಿಲ್ಲದೆ ಹೇಳುತ್ತಾರೆ.

ಐರಿಷ್ ಹೋದದ್ದು ಶಾಲೆಯಿಂದ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1845ರಿಂದ ಆಲೂಗಡ್ಡೆಗೆ ರೋಗ ಬಿದ್ದು ಬರಗಾಲ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಸತ್ತವರಲ್ಲಿ, ಹೋದವರಲ್ಲಿ ಪಶ್ಚಿಮದ ಐರಿಷ್ ಮಾತಾಡುವ ಬಡವರೇ ಜಾಸ್ತಿ. ಉಳಿದ ಅಪ್ಪ ಅಮ್ಮ ಏನು ಮಾಡಿದರು? ಮಗು ನಾಳೆ ಬೋಸ್ಟನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಅನ್ನ ಹುಡುಕಬೇಕು, ಅದಕ್ಕೆ ಇಂಗ್ಲಿಷ್ ಬೇಕು ಅಂದುಕೊಂಡರು. ತಾವು ತಾವು ಐರಿಷಿನಲ್ಲಿ ಮಾತಾಡಿ ಮಕ್ಕಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡಿದರು. ಆ ಗೀರಿನ ಕೋಲಿನಲ್ಲೂ ಎಷ್ಟೋ ಕಡೆ ಅಪ್ಪ ಅಮ್ಮನ ಕೈ ಇತ್ತು. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಸಿವು ಕಂಡವರು ಅವರು. ಆದರೆ ಭಾಷೆ ಹೋದ ಬಾಗಿಲು ಮನೆಯದು. ಅದು ಬರಬೇಕಾದ್ದೂ ಅದೇ ಬಾಗಿಲಿನಿಂದ.

ಐಲ್ ಆಫ್ ಮ್ಯಾನ್ ದ್ವೀಪದ ಕಥೆ ನನಗೆ ಬಹಳ ಇಷ್ಟ. ಅಲ್ಲಿನ ಮಾತು ಮ್ಯಾಂಕ್ಸ್, ಐರಿಷಿನ ತಂಗಿ. 1948ರಲ್ಲಿ ಐರಿಷ್ ಜಾನಪದ ಆಯೋಗದವರು ಹೋಗಿ ಉಳಿದಿದ್ದ ಕೆಲವೇ ಮುದುಕರ ದನಿ ಮುದ್ರಿಸಿಕೊಂಡು ಬಂದರು. ಅವರಲ್ಲಿ ಕೊನೆಯವನು ನೆಡ್ ಮ್ಯಾಡ್ರೆಲ್ ಎಂಬ ಮೀನುಗಾರ. 1974ರಲ್ಲಿ ತೀರಿಕೊಂಡ. ಅಲ್ಲಿಗೆ ಮುಗಿಯಿತು ಅಂದರು. ಮುಗಿಯಲಿಲ್ಲ. ಅವನ ಹತ್ತಿರ ಕೂತು ಕಲಿತ ಕೆಲವರು ಮನೆಯಲ್ಲಿ ಮಾತಾಡಿದರು, ಬೇರೆಯವರಿಗೆ ಕಲಿಸಿದರು. 2001ರಲ್ಲಿ ಮ್ಯಾಂಕ್ಸ್ ಮಾಧ್ಯಮದ ಪುಟ್ಟ ಶಾಲೆ ಶುರುವಾಯಿತು. 2009ರಲ್ಲಿ ಯುನೆಸ್ಕೊ ಆ ಭಾಷೆ ಅಳಿದಿದೆ ಎಂದು ಪಟ್ಟಿಯಲ್ಲಿ ಹಾಕಿದಾಗ ಆ ಶಾಲೆಯ ಮಕ್ಕಳು ಕಾಗದ ಬರೆದರು. ನಮ್ಮ ಭಾಷೆ ಅಳಿದಿದ್ದರೆ ನಾವು ನಿಮಗೆ ಯಾವ ಭಾಷೆಯಲ್ಲಿ ಬರೆಯುತ್ತಿದ್ದೇವೆ ಅಂತ ಕೇಳಿದರು. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನಿಷ್ ಕೂಡ ಹೀಗೇ. 1777ರಲ್ಲಿ ಡಾಲಿ ಪೆಂಟ್ರೆತ್ ಎಂಬ ಮೀನು ಮಾರುವ ಹೆಂಗಸು ಸತ್ತಾಗ ಹೋಯಿತು ಅಂದಿದ್ದರು. 1904ರಲ್ಲಿ ಹೆನ್ರಿ ಜೆನ್ನರ್ ಕಲಿಯುವ ಪುಸ್ತಕ ಬರೆದ, ನಿಧಾನಕ್ಕೆ ಜನ ಸೇರಿದರು. ಇವರ್ಯಾರಿಗೂ ಕಡ್ಡಾಯದ ಪರೀಕ್ಷೆ ಇರಲಿಲ್ಲ. ಪ್ರೀತಿ ಇತ್ತು.

ವೇಲ್ಸಿನ ಮಾತು ಖಂಡಿತ ಬರುತ್ತದೆ, ಯಾವಾಗಲೂ ಬರುತ್ತದೆ. ಅಲ್ಲಿಯೂ 2011ರಲ್ಲಿ 5.62 ಲಕ್ಷ ಇದ್ದದ್ದು 2021ರಲ್ಲಿ 5.38 ಲಕ್ಷಕ್ಕೆ ಇಳಿದಿದೆ. ಕಡ್ಡಾಯ ಇದ್ದೂ ಇಳಿದಿದೆ. ಇಷ್ಟು ಸಾಕು ಅನ್ನಿಸುತ್ತದೆ ನನಗೆ.

ಕೆಲವರು ಕನ್ನಡವನ್ನೂ ಎಳೆದು ತರುತ್ತಾರೆ. ಕರ್ನಾಟಕದಲ್ಲಿ 2015ರ ಕಾಯ್ದೆಯ ಪ್ರಕಾರ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕು, ಅದು ಸರಿ ಅಂದ ಮೇಲೆ ಇದೂ ಸರಿ ಅಲ್ವಾ ಅಂತ. ನನ್ನ ಅಪ್ಪ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಆ ಕಾಯ್ದೆಗೆ ನನ್ನ ಪೂರ್ತಿ ಬೆಂಬಲ ಇದೆ. ಆದರೆ ಅಲ್ಲಿ ಮಗು ಕ್ಲಾಸಿನಲ್ಲಿ ಕಲಿತ ಮಾತು ಗೇಟಿನ ಹೊರಗೆ ಕಾದಿರುತ್ತದೆ. ಸೊಪ್ಪಿನವರು, ಆಟೋದವರು, ಬಸ್ ಕಂಡಕ್ಟರು ಎಲ್ಲರ ಬಾಯಲ್ಲೂ ಇರುತ್ತದೆ. ನಾವಿರುವ ಕಾರ್ಕ್ ಊರಿನಲ್ಲಿ ಮಗು ಕಲಿತ ಐರಿಷ್ ಗೇಟಿನ ತನಕ ಬಂದು ನಿಲ್ಲುತ್ತದೆ.

ನನ್ನ ಮಗಳು ಇಲ್ಲಿಗೆ ಬಂದಾಗ ಅವಳಿಗೆ ಹತ್ತು ವರ್ಷ. ಹನ್ನೆರಡರವರೆಗೆ ಬೇರೆ ದೇಶದಲ್ಲಿ ಓದಿ ಬಂದ ಮಕ್ಕಳಿಗೆ ಐರಿಷಿನಿಂದ ವಿನಾಯಿತಿ ಇದೆ. ಇವಳಿಗೆ ಇಲ್ಲ. ಕ್ಲಾಸಿನ ಉಳಿದ ಮಕ್ಕಳು ಐದಾರು ವರ್ಷದಿಂದ ಕಲಿಯುತ್ತಿದ್ದರು. ಇವಳಿಗೆ ಅಕ್ಷರದ ಉಚ್ಚಾರವೇ ಗೊತ್ತಿಲ್ಲ. ಧಾರವಾಡದಲ್ಲಿ ಕ್ಲಾಸಿಗೇ ಮುಂದಿದ್ದ ಹುಡುಗಿ. ಇಲ್ಲಿ ದಿನಕ್ಕೆ ಒಂದು ಪೀರಿಯಡ್ ತಲೆ ತಗ್ಗಿಸಿ ಕೂರುತ್ತಿದ್ದಳು. ಟೀಚರು ಕೆಟ್ಟವರಲ್ಲ. ಮೂವತ್ತು ಮಕ್ಕಳಿದ್ದ ಕ್ಲಾಸು, ಇವಳೊಬ್ಬಳಿಗೆ ಮೊದಲಿನಿಂದ ಹೇಳಿಕೊಡಲು ಅವರಿಗೆ ಹೊತ್ತಿಲ್ಲ. ಭಾನುವಾರ ರಾತ್ರಿ ಹೊಟ್ಟೆನೋವು ಅನ್ನಲು ಶುರು ಮಾಡಿದಳು. ಡಾಕ್ಟರಿಗೆ ತೋರಿಸಿದೆವು. ಏನೂ ಇಲ್ಲ ಅಂದರು. ಅದು ಸೋಮವಾರದ ಐರಿಷ್ ಸ್ಪೆಲ್ಲಿಂಗ್ ಟೆಸ್ಟ್ ಅಂತ ನಮಗೆ ತಿಳಿಯಲು ಎರಡು ತಿಂಗಳು ಬೇಕಾಯಿತು. ಹೈಸ್ಕೂಲಿಗೆ ಹೋದ ಮೇಲೂ ಮಾರ್ಕ್ಸ್ ಕಾರ್ಡಿನಲ್ಲಿ ಆ ಒಂದು ಸಾಲು ನೋಡಲು ಅವಳಿಗೆ ಆಗುತ್ತಿರಲಿಲ್ಲ.

ಅವಳಿಗೆ ಹದಿನಾಲ್ಕಾದಾಗ ಗೆಳತಿಯ ಜೊತೆ ಬೇಸಿಗೆ ರಜೆಗೆ ಕಾನಮಾರಾಗೆ ಹೋದಳು. ಅದು ಗೇಲ್ಟಾಕ್ಟ್, ಅಂದರೆ ಇನ್ನೂ ಐರಿಷ್ ಆಡುವ ಸೀಮೆ. ಮೂರು ವಾರ ಅಲ್ಲಿನ ಒಂದು ಮನೆಯಲ್ಲಿ ವಾಸ. ಸುಮಾರು ಸಾವಿರ ಯೂರೋ ಖರ್ಚು. ನನಗೆ ಕೊಡಲು ಮನಸ್ಸಿರಲಿಲ್ಲ, ಹೆಂಡತಿ ಕೊಟ್ಟಳು. ಮನೆಯೊಡತಿಗೆ ‘ಬ್ಯಾನ್ ಅ ಟೀ’ ಅನ್ನುತ್ತಾರೆ. ಆಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದಿಲ್ಲ. ಉಪ್ಪು ಬೇಕಾದರೆ ಐರಿಷಿನಲ್ಲೇ ಕೇಳಬೇಕು. ಮೊದಲ ಎರಡು ದಿನ ಮಗಳು ಸಪ್ಪೆ ಆಲೂಗಡ್ಡೆ ತಿಂದಳಂತೆ. ಮೂರನೆಯ ದಿನ ಬಾಯಿ ಬಿಟ್ಟಳು. ಆಕೆ ಇವಳನ್ನು ಹಸುಗಳ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಹಾಲು, ಹುಲ್ಲು, ಮಳೆ, ಕೆಸರು ಎಲ್ಲದರ ಹೆಸರನ್ನೂ ಅಲ್ಲೇ ನಿಂತು ಕಲಿತಳು. ವಾಪಸ್ ಬಂದಾಗ ಕಾರಿನಲ್ಲಿ ಎರಡು ಗಂಟೆ ಹೊತ್ತು ಅದೇ ಮಾತು. ನಾಲ್ಕು ವರ್ಷ ಕ್ಲಾಸಿನಲ್ಲಿ ಆಗದ್ದು ಮೂರು ವಾರದಲ್ಲಿ ಆಗಿತ್ತು.

ಆ ಹಳ್ಳಿಯಲ್ಲಿ ಈಗ ಎಳೆಯ ದಂಪತಿಗಳಿಗೆ ಮನೆ ಸಿಗುವುದಿಲ್ಲ. ರಜೆಗೆ ಬರುವವರು ಕೊಂಡುಕೊಂಡು ಬೀಗ ಹಾಕಿ ಹೋಗುತ್ತಾರೆ. ಕೆಲಸ ಹುಡುಕಿಕೊಂಡು ಮಕ್ಕಳು ಗಾಲ್ವೆಗೆ, ಡಬ್ಲಿನ್ನಿಗೆ ಹೋಗುತ್ತಾರೆ. ಸರ್ಕಾರ ದುಡ್ಡು ಹಾಕಬೇಕಾದ್ದು ಅಲ್ಲಿ. ಹದಿನೇಳು ವರ್ಷದ ಹುಡುಗರಿಗೆ ಬೇಡದ ಪ್ರಶ್ನೆಪತ್ರಿಕೆಯನ್ನು ಹಂಚುವುದು ಬಿಟ್ಟು, ಆಸೆ ಇರುವ ಪ್ರತಿ ಮಗುವಿಗೂ ಆ ಮೂರು ವಾರವನ್ನು ಉಚಿತವಾಗಿ ಕೊಡಲಿ. ಸಾವಿರ ಯೂರೋ ಎಲ್ಲರ ಹತ್ತಿರ ಇರುವುದಿಲ್ಲ.

ಮಗಳು ಈಗಲೂ ಪ್ರತಿ ಕ್ರಿಸ್ಮಸ್‌ಗೆ ಬ್ಯಾನ್ ಅ ಟೀಗೆ ಫೋನ್ ಮಾಡುತ್ತಾಳೆ. ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ, ಒಂದು ಪದವೂ ಅರ್ಥವಾಗುವುದಿಲ್ಲ. ಕಳೆದ ಸಲ ಫೋನ್ ಇಟ್ಟ ಮೇಲೆ ಬಹಳ ಹೊತ್ತು ನಗುತ್ತಿದ್ದಳು. ಏನಂದರು ಅಂತ ಕೇಳಿದೆ. ಕೊಟ್ಟಿಗೆಯಲ್ಲಿ ಹೊಸ ಕರು ಹುಟ್ಟಿದೆಯಂತೆ. ಅದಕ್ಕೆ ಇವಳ ಹೆಸರಿಟ್ಟಿದ್ದಾರಂತೆ.